ಮೈದಾನವೂ ಲೆಕ್ಕದ ಕೋಣೆಯೂ



ಕರ್ಣಾಟಕಕ್ಕೂ ವಂಗದೇಶಕ್ಕೂ ಇರುವ ಸಂಬಂಧವನ್ನು ಕುರಿತು ವರ್ಷಕ್ಕೊಮ್ಮೆ ಒಂದು ಉಪನ್ಯಾಸ ನಡೆಯತಕ್ಕದ್ದು ಎಂಬುದು ಈ ದತ್ತಿಯ ನಿಬಂಧನೆ. ಈ ನಿಬಂಧನೆಗೆ ಒಳಪಟ್ಟು ಇಲ್ಲಿ ಕಲ್ಕತ್ತೆಯಲ್ಲಿ ಮಾತನಾಡಲು ನಿಂತವರು ಸಹಜವಾಗಿಯೆ ಹಿಡಿಯುವ ದಾರಿಗಳು ಎರಡು: ಒಂದು, ದಕ್ಷಿಣೇಶ್ವರದಿಂದ ಹೊರಟು ಮೈಸೂರಿನ ರಾಮಕೃಷ್ಣಾಶ್ರಮದ ಮೂಲಕ ಕುವೆಂಪು ಅವರ ಹೃದಯವನ್ನು ಸೇರಿದ ದಾರಿ, ಇನ್ನೊಂದು, ಜೋಡಾಸಾಂಕೋದ ಠಾಕೂರರ ಮನೆಯಿಂದ ಹೊರಟು ನಮ್ಮ ನವೋದಯದ ಕವಿಗಳ ಅಂಗಳಕ್ಕೆ ಬಂದ ದಾರಿ. ಎರಡೂ ರಾಜಮಾರ್ಗಗಳೇ, ಎರಡರ ಮೇಲೆಯೂ ಓಡಾಟ ಹೆಚ್ಚಿ ಒಂದಿಷ್ಟು ಧೂಳೆದ್ದಿದೆ ಎಂದರೆ ತಾವು ಮುನಿಯಲಾರಿರೆಂದು ನಂಬಿದ್ದೇನೆ. ಈ ಸಂಜೆ ನಾನು ತಮ್ಮನ್ನು ಕರೆದೊಯ್ಯಬೇಕೆಂದಿರುವುದು ಸಾಹಿತ್ಯಸಭೆಗಳು ಸಾಮಾನ್ಯವಾಗಿ ಕಾಲಿಡದ ಎರಡು ಎಡೆಗಳಿಗೆ: ಚೌರಂಗಿಯ ಪಕ್ಕದ ಹುಲ್ಲಿನ ಮೈದಾನಕ್ಕೆ, ಮತ್ತು ಪ್ರೆಸಿಡೆನ್ಸಿ ಕಾಲೇಜಿನ ಭೌತವಿಜ್ಞಾನ ವಿಭಾಗದಲ್ಲಿ ಹುಟ್ಟಿ ಬಾರಾನಗರದಲ್ಲಿ ಬೆಳೆದ ಒಂದು ಲೆಕ್ಕದ ಕೋಣೆಗೆ.

ಮೊದಲನೆಯ ಎಡೆಯಲ್ಲಿ ನಮಗೆ ಎದುರಾಗುವವನು ಬೆಂಗಳೂರಿನಲ್ಲಿ 1926ರಲ್ಲಿ ಹುಟ್ಟಿದ ಕಾಲ್ಚೆಂಡಿನ ಆಟಗಾರ ಅಹಮದ್ ಖಾನ್. ಎರಡನೆಯದರಲ್ಲಿ ಎದುರಾಗುವವರು ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಕಲ್ಯಂಪೂಡಿ ರಾಧಾಕೃಷ್ಣ ರಾಯರು. ಇವರಿಬ್ಬರನ್ನೂ ಅಪ್ಪಟ ಕನ್ನಡಿಗರೆಂದು ಸಾರಿ ತಮ್ಮಿಂದ ಚಪ್ಪಾಳೆ ಗಿಟ್ಟಿಸುವ ಆಸೆ ನನಗಿಲ್ಲ. ರಾಯರ ಮನೆಮಾತು ತೆಲುಗು, ಅವರು ಓದಿ ಬೆಳೆದುದು ಆಂಧ್ರದೇಶದಲ್ಲಿ; ಹಡಗಲಿಯವರು ಅವರನ್ನು ನಮ್ಮೂರವರೆಂದು ಹೇಳಿಕೊಳ್ಳುವುದಕ್ಕೆ ಜನನದ ನೆಲವೊಂದೇ ಆಧಾರ. ಆದಾಗ್ಯೂ, ಬೌಬಜಾರ್ ಬೀದಿಯ 210ನೆಯ ನಂಬರಿನ ಮನೆಯಲ್ಲಿ 1928ರ ಫೆಬ್ರವರಿ 28ರಂದು ಬೆಳಕಿನ ಹೊಸ ಗುಣವೊಂದನ್ನು ಕಂಡ ಸಿ.ವಿ. ರಾಮನ್ನರನ್ನು 1933ರಲ್ಲಿ ಬೆಂಗಳೂರಿಗೆ ಬಿಟ್ಟುಕೊಟ್ಟ ಈ ನಗರಕ್ಕೆ, ಎಂಟು ವರ್ಷಗಳೊಳಗಾಗಿ ನಮ್ಮ ನೆಲದಲ್ಲಿ ಹುಟ್ಟಿದ ಒಬ್ಬ ತರುಣನು ಬಂದು ಸೇರಿದನೆಂಬುದು ಕೊಡುಕೊಳ್ಳುವಿಕೆಯ ಲೆಕ್ಕದಲ್ಲಿ ನಮಗೆ ಸಂತೋಷ ಕೊಡತಕ್ಕ ಮಾತೇ ಸರಿ.

ಒಂದು ಕ್ಷೇತ್ರದಲ್ಲಿ ಗೆಲ್ಲುವವನು ಬೇರೆ, ಆ ಕ್ಷೇತ್ರವನ್ನೇ ಬೇರೆಯಾಗಿಸುವವನು ಬೇರೆ. ಗೆದ್ದವನ ಹೆಸರು ಫಲಕದ ಮೇಲೆ ಕೆತ್ತಿಸಲ್ಪಡುತ್ತದೆ. ಮರುವರ್ಷ ಅದರ ಕೆಳಗೆ ಇನ್ನೊಬ್ಬನ ಹೆಸರು ಬರುತ್ತದೆ. ಆಟ ಮೊದಲು ಇದ್ದಂತೆಯೇ ಇರುತ್ತದೆ. ಎರಡನೆಯ ಬಗೆಯವನು ಬಂದುಹೋದ ಮೇಲೆ ಉಳಿದವರು ತಮ್ಮ ಕೆಲಸವನ್ನು ತೊಡಗಬೇಕಾದ ಪ್ರಶ್ನೆಯೇ ಬದಲಾಗಿಬಿಡುತ್ತದೆ. ಇಷ್ಟನ್ನು ಎಲ್ಲರೂ ಒಪ್ಪುತ್ತಾರೆ, ಪ್ರಶಸ್ತಿ ಪ್ರದಾನದ ಭಾಷಣಗಳಲ್ಲಿ ಇದನ್ನೇ ನಾನಾ ಅಲಂಕಾರಗಳೊಡನೆ ಕೇಳುತ್ತೇವೆ. ಆ ಭಾಷಣಗಳು ಮುಟ್ಟದ ಇನ್ನೊಂದು ಸಂಗತಿ ಉಂಟು: ಅಗ್ರಗಾಮಿಯು ಕಂಡುಕೊಂಡ ಉತ್ತರವನ್ನು ಅವನ ಅನುಯಾಯಿಗಳು ಆಚಾರವನ್ನಾಗಿ ಮಾಡಿ, ಅದಕ್ಕೆ ಪೂಜೆ ಸಲ್ಲಿಸತೊಡಗಿ, ಕಡೆಗೆ ಅದರ ಭಾರದಿಂದಲೇ ಕುಸಿಯುತ್ತಾರೆ. ಕಲ್ಕತ್ತೆಯ ಮೈದಾನದ ಚರಿತ್ರೆಯಲ್ಲಿ ಈ ಸಂಗತಿ ಕಾಣುವಷ್ಟು ನಿಚ್ಚಳವಾಗಿ ನನಗೆ ಬೇರೆಲ್ಲಿಯೂ ಕಂಡಿಲ್ಲ.

1911ರ ಜುಲೈ 29ರ ಕಾಲ್ಚೆಂಡಿನ ಆಟವನ್ನು ಈ ಊರಿನಲ್ಲಿ ವರ್ಣಿಸಹೊರಡುವುದು ಸಾಹಸವೇ. ಇಲ್ಲಿ ಟ್ರಾಮಿನಲ್ಲಿ ಪಕ್ಕದಲ್ಲಿ ಕುಳಿತ ಯಾವ ವೃದ್ಧರಾದರೂ ಅದನ್ನು ನನಗಿಂತ ಚೆನ್ನಾಗಿ ಹೇಳಿಯಾರು. ಐ.ಎಫ್.ಎ. ಷೀಲ್ಡಿನ ಅಂತಿಮ ಪಂದ್ಯ. ಒಂದು ಕಡೆ ಬೂಟು ತೊಟ್ಟ ಈಸ್ಟ್ ಯಾರ್ಕ್‌ಷೈರ್ ದಳದ ಸಿಪಾಯಿಗಳು, ಇನ್ನೊಂದು ಕಡೆ ಮೋಹನ್ ಬಗಾನಿನ ಹನ್ನೊಂದು ಮಂದಿ, ಅವರಲ್ಲಿ ಪಾದ್ರಿ ಸುಧೀರ್ ಚಟರ್ಜಿಯೊಬ್ಬರ ಹೊರತು ಮಿಕ್ಕ ಹತ್ತು ಮಂದಿಯೂ ಬರಿಗಾಲಿನವರು. ಮೊದಲ ಗೋಲು ಸಿಪಾಯಿಗಳದು; ಅದನ್ನು ಶಿವದಾಸ ಭಾದುರಿ ಸರಿಗಟ್ಟಿದ; ಆಟ ಮುಗಿಯಲು ಸ್ವಲ್ಪವೇ ಹೊತ್ತು ಉಳಿದಿರುವಾಗ ಅಭಿಲಾಷ ಘೋಷ್ ಎರಡನೆಯದನ್ನು ಹೊಡೆದ. ಜನಸಂದಣಿ ಎಷ್ಟಿತ್ತೆಂದರೆ, ಮೈದಾನದ ಅಂಚಿನವರೆಗೂ ಬರಲಾಗದೆ ದೂರದಲ್ಲಿ ನಿಂತವರಿಗೆ ಗೋಲುಗಳ ಸುದ್ದಿಯನ್ನು ಗಾಳಿಪಟ ಹಾರಿಸಿ ತಿಳಿಸಿದರಂತೆ. ಅದೇ ವರ್ಷದ ಡಿಸೆಂಬರಿನಲ್ಲಿ ರಾಜಧಾನಿಯನ್ನು ದೆಹಲಿಗೆ ಒಯ್ಯುವ ಘೋಷಣೆಯಾಯಿತಷ್ಟೆ. ಈ ಎರಡು ಘಟನೆಗಳನ್ನು ಕಾರ್ಯಕಾರಣಗಳಾಗಿ ಗಂಟುಹಾಕಿ ಮಾತನಾಡುವ ಉತ್ಸಾಹಿಗಳನ್ನು ನಾನು ಬಲ್ಲೆ, ಅವರ ಉತ್ಸಾಹಕ್ಕೆ ತಲೆಬಾಗಿ ಅವರ ತರ್ಕಕ್ಕೆ ತಲೆಬಾಗದೆ ಮುಂದೆ ಹೋಗುತ್ತೇನೆ.

ಆ ಸಂಜೆಯವರೆಗೆ ಇದ್ದ ಪ್ರಶ್ನೆ, ಭಾರತೀಯರು ಈ ಆಟದಲ್ಲಿ ಗೋರರನ್ನು ಸರಿಗಟ್ಟಬಲ್ಲರೆ ಎಂಬುದು. ಅದು ಆ ಸಂಜೆಗೆ ಮುಗಿಯಿತು. ಆದರೆ ಅದರ ಜೊತೆಗೆ ಇನ್ನೊಂದು ಪ್ರಶ್ನೆ ಯಾರೂ ಕೇಳದೆಯೇ ಮುಗಿದುಹೋಯಿತು: ಬರಿಗಾಲಿನಲ್ಲಿ ಆಡುವುದು ಲೇಸೋ ಬೂಟಿನಲ್ಲಿ ಆಡುವುದು ಲೇಸೋ ಎಂಬುದು. ಬಡತನದಿಂದಲೋ ಅಭ್ಯಾಸದಿಂದಲೋ ಬಂದ ಬರಿಗಾಲು, ಷೀಲ್ಡನ್ನು ಗೆದ್ದುಕೊಂಡು ಬಂದ ಮೇಲೆ ದೇಶಾಭಿಮಾನದ ಲಾಂಛನವಾಯಿತು. ಲಾಂಛನವಾದುದನ್ನು ಪರೀಕ್ಷೆಗೆ ಒಡ್ಡುವುದಕ್ಕೆ ಯಾರಿಗೆ ಧೈರ್ಯ?

ಧೈರ್ಯ ಮಾಡಿದವರು ಇಲ್ಲದಿರಲಿಲ್ಲ. ಕಲ್ಕತ್ತೆಯ ಲೀಗಿನ ಪಂದ್ಯಗಳು ಮಳೆಗಾಲದಲ್ಲಿ ನಡೆಯತಕ್ಕವು. ಆ ಕಾಲದ ಚೆಂಡು ತೊಗಲಿನದು, ದಾರ ಹಾಕಿ ಬಿಗಿದದ್ದು. ಮಳೆನೀರನ್ನು ಕುಡಿದು ಕುಡಿದು ದ್ವಿತೀಯಾರ್ಧದ ವೇಳೆಗೆ ಕಲ್ಲಿನಂತೆ ಭಾರವಾಗುತ್ತಿತ್ತು. ಒಣನೆಲದಲ್ಲಿ ಬರಿಗಾಲಿನವನಿಗಿದ್ದ ಅನುಕೂಲಗಳು ಹಲವು: ಅಂಗಾಲಿನಿಂದ ಚೆಂಡನ್ನು ಹಿಂದಕ್ಕೆಳೆದು ಎದುರಾಳಿಯನ್ನು ಮುಂದಕ್ಕೆ ಹಾಯಿಸಿಬಿಡುವುದು, ಹೆಬ್ಬೆರಳ ಬುಡದಿಂದ ಅದನ್ನು ತುಸುವೇ ತಿರುಗಿಸುವುದು, ಹಿಂಗಾಲಿನ ಮೇಲೆ ತಿರುಗಿ ಕ್ಷಣದಲ್ಲಿ ದಿಕ್ಕು ಬದಲಿಸುವುದು, ಇವೆಲ್ಲ ಚರ್ಮಕ್ಕೂ ಚೆಂಡಿಗೂ ನಡುವೆ ಏನೂ ಇಲ್ಲದ್ದರಿಂದ ಸಾಧ್ಯವಾದ ಸೂಕ್ಷ್ಮಗಳು. ಕೆಸರು ಬಂದೊಡನೆ ಇವೆಲ್ಲವೂ ಅಳಿಸಿಹೋಗಿ, ನೆಲವನ್ನು ಕಚ್ಚಿ ನಿಲ್ಲಬಲ್ಲ ಬೂಟಿನವನೆದುರು ಬರಿಗಾಲಿನವನು ಜಾರಿ ಬೀಳುತ್ತಿದ್ದನು. ಇದನ್ನು ಕಂಡುಕೊಂಡ ಮಹಮ್ಮಡನ್ ಸ್ಪೋರ್ಟಿಂಗ್ ಕ್ಲಬ್ಬಿನವರು, ಬೆಂಗಳೂರು ಮೊದಲಾದ ದೂರದ ಊರುಗಳಿಂದ ಆಟಗಾರರನ್ನು ಕರೆತಂದು, ಒದ್ದೆ ನೆಲಕ್ಕೆ ಬೂಟನ್ನೂ ತೊಡಿಸಿ, 1934ರಿಂದ 1938ರವರೆಗೆ ಸತತವಾಗಿ ಐದು ವರ್ಷ ಲೀಗನ್ನು ಗೆದ್ದರು. ಆ ಲೀಗನ್ನು ಒಂದು ಭಾರತೀಯ ತಂಡ ಗೆದ್ದುದು ಅದೇ ಮೊದಲು. ಐದು ವರ್ಷದ ಈ ಪಾಠ 1911ರ ಒಂದು ಸಂಜೆಯಷ್ಟು ನೆನಪಿನಲ್ಲಿ ಉಳಿಯಲಿಲ್ಲವೆಂಬುದು ನನ್ನ ಆಶ್ಚರ್ಯ. ಅದಕ್ಕೆ ಕಾರಣ ಆಟಕ್ಕಿಂತ ಆ ದಶಕದ ರಾಜಕಾರಣದಲ್ಲಿಯೇ ಹೆಚ್ಚು ಇದ್ದಿರಬೇಕು.

ನಮ್ಮ ಅಹಮದ್ ಖಾನ್ ಈ ಕಥೆಯೊಳಕ್ಕೆ ಬರುವುದು ಇಲ್ಲಿ. ಬೆಂಗಳೂರಿನ ದಂಡುಪ್ರದೇಶದಲ್ಲಿ ಕಾಲ್ಚೆಂಡನ್ನು ತಂದು ಬಿತ್ತಿದವರು ಅಲ್ಲಿನ ಗೋರರ ಪಲ್ಟಣಗಳು. ಬೆಳೆ ತೆಗೆದವರು ಸುತ್ತಲಿನ ಗಲ್ಲಿಗಳ ಹುಡುಗರು. ಅಹಮದನ ತಂದೆ ಬಾಬಾ ಖಾನನೂ ಆಟಗಾರನೇ. ಆ ಕಾಲದ ಮೈಸೂರು ತಂಡ ಎಂಥದೆಂದರೆ, ವಂಗದವರು ತಮ್ಮ ಮನೆಯ ಆಸ್ತಿಯೆಂದು ತಿಳಿದಿದ್ದ ಸಂತೋಷ್ ಟ್ರೋಫಿಯನ್ನು 1946–47ರಲ್ಲಿ ಅವರನ್ನೇ ಸೋಲಿಸಿ ಎತ್ತಿಕೊಂಡು ಹೋಗಿತ್ತು. 1948ರ ಲಂಡನ್ ಒಲಿಂಪಿಕ್ಸಿಗೆ ಹೋದ ಭಾರತ ತಂಡದಲ್ಲಿ ಅಹಮದನಿದ್ದನು. ಜುಲೈ 31ರಂದು ಇಲ್‌ಫರ್ಡಿನಲ್ಲಿ ಫ್ರಾನ್ಸಿನ ಎದುರು ಬಹುಮಂದಿ ಬರಿಗಾಲಿನಲ್ಲಿಯೇ ಆಡಿ, ದೊರೆತ ಎರಡು ಪೆನಾಲ್ಟಿಗಳನ್ನೂ ಕಳೆದುಕೊಂಡು, ಒಂದಕ್ಕೆ ಎರಡು ಗೋಲುಗಳಿಂದ ಸೋತರು. ಆ ಒಂದು ಗೋಲನ್ನು ಹೊಡೆದವನೂ ಬೆಂಗಳೂರಿನವನೇ, ಸಾರಂಗಪಾಣಿ ರಾಮನ್. ಸೋತು ಬಂದವರನ್ನು ದೇಶ ಗೆದ್ದವರಂತೆ ಕೊಂಡಾಡಿತು. ಫ್ರಾನ್ಸಿನಂಥ ತಂಡವನ್ನು ಬರಿಗಾಲಿನಲ್ಲಿ ಅಷ್ಟರ ಮಟ್ಟಿಗೆ ಎದುರಿಸಿದ್ದು ಸಾಮಾನ್ಯವಲ್ಲ, ನಿಜ. ಆದರೆ ಆ ಕೊಂಡಾಟದ ಗದ್ದಲದಲ್ಲಿ ಬೂಟಿನ ಪ್ರಶ್ನೆ ಮತ್ತೆ ನಾಲ್ಕು ವರ್ಷ ಮುಚ್ಚಿಹೋಯಿತು.

ಮರುವರ್ಷ, 1949ರಲ್ಲಿ, ಅಹಮದ್ ಖಾನ್ ಈಸ್ಟ್ ಬೆಂಗಾಲ್ ಕ್ಲಬ್ಬನ್ನು ಸೇರಿದನು. ಆ ಕ್ಲಬ್ಬಿನ ಮುಂಚೂಣಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಬಲದ ಅಂಚಿನಲ್ಲಿ ವೆಂಕಟೇಶ್, ಅವನ ಒಳಮಗ್ಗುಲಿಗೆ ಅಪ್ಪಾರಾವ್, ನಡುವೆ ಧನರಾಜ್, ಎಡದ ಒಳಮಗ್ಗುಲಿಗೆ ಅಹಮದ್ ಖಾನ್, ಎಡದ ಅಂಚಿನಲ್ಲಿ ಸಾಲೆ. ಐವರೂ ದಕ್ಷಿಣದವರು, ಒಬ್ಬರೂ ವಂಗೀಯರಲ್ಲ. ಈ ಐವರಿಗೆ ಕಲ್ಕತ್ತೆ ಇಟ್ಟ ಹೆಸರು ಪಂಚಪಾಂಡವರು. ಆ ಹೆಸರನ್ನು ಇಟ್ಟು ಕೂಗಿದವರು ಯಾರು? ದೇಶ ಎರಡಾದಾಗ ಢಾಕಾ, ಬರಿಸಾಲ್, ಮೈಮನಸಿಂಗಗಳಲ್ಲಿ ಮನೆಮಠಗಳನ್ನು ಬಿಟ್ಟು ಬಂದು, ಸಿಯಾಲ್ದಾ ಸ್ಟೇಷನ್ನಿನ ಹಾಸುಗಲ್ಲಿನ ಮೇಲೆ ಮಲಗಿ, ಜಾದವಪುರದ ಕಡೆ ಗುಡಿಸಲು ಕಟ್ಟಿಕೊಂಡ ನಿರಾಶ್ರಿತರು. 1946ರ ರಕ್ತಪಾತವನ್ನು ಕಣ್ಣಾರೆ ಕಂಡ ನಗರದಲ್ಲಿ, ಮತದ ಹೆಸರಿನಲ್ಲಿ ಸರ್ವಸ್ವವನ್ನೂ ಕಳೆದುಕೊಂಡ ಆ ಜನ, ಪಾಂಡವರೈವರಲ್ಲಿ ಇಬ್ಬರು ಮುಸಲ್ಮಾನರಾಗಿದ್ದುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಅವರನ್ನು ತಮ್ಮವರೆಂದು ಹೆಗಲ ಮೇಲೆ ಹೊತ್ತರು. ಕ್ರೀಡೆ ಮನುಷ್ಯರನ್ನು ಒಂದುಗೂಡಿಸುತ್ತದೆಯೆಂಬ ಸವಕಲು ಮಾತನ್ನು ನಾನು ಸಾಮಾನ್ಯವಾಗಿ ನಂಬುವವನಲ್ಲ, ಅದು ಅನೇಕ ವೇಳೆ ಕಲ್ಲು ತೂರಿಸುವುದನ್ನೂ ಕಂಡಿದ್ದೇವೆ; ಈ ಒಂದು ಸಂದರ್ಭಕ್ಕೆ ಮಾತ್ರ ನಿರುತ್ತರನಾಗುತ್ತೇನೆ.

1949, 50, 51 ಮೂರು ವರ್ಷವೂ ಷೀಲ್ಡ್ ಈಸ್ಟ್ ಬೆಂಗಾಲಿನದಾಯಿತು; 49ರಲ್ಲಿ ಲೀಗೂ, ಬೊಂಬಾಯಿಯ ರೋವರ್ಸ್ ಕಪ್ಪೂ ಅದರೊಡನೆ ಸೇರಿದುವು. ಅಹಮದನ ಆಟವನ್ನು ಕಂಡವರು ಹೇಳಿರುವುದರಿಂದ ತಿಳಿಯಬರುವುದೇನೆಂದರೆ, ಅವನ ಬಲವಿದ್ದುದು ಗೋಲು ಹೊಡೆಯುವುದಕ್ಕಿಂತಲೂ ಚೆಂಡನ್ನು ತನ್ನ ಕಾಲ ಬಳಿ ಇರಿಸಿಕೊಂಡು, ಇಬ್ಬರು ಮೂವರು ಎದುರಾಳಿಗಳನ್ನು ತನ್ನ ಕಡೆಗೆ ಸೆಳೆದು, ಅವರು ಬಿಟ್ಟು ಬಂದ ಬಯಲಿಗೆ ಅದನ್ನು ತಕ್ಕ ಗಳಿಗೆಯಲ್ಲಿ ಕಳುಹಿಸುವುದರಲ್ಲಿ. ಹಾವಾಡಿಗನೆಂದು ಅವನನ್ನು ಕರೆದರು. ಒಬ್ಬನ ಕೈಚಳಕವು ಐವರ ಯೋಜನೆಯೊಳಗೆ ಲೀನವಾಗುವ ಈ ಬಗೆಯ ಆಟ ಬಂದ ಮೇಲೆ, ಊರಿನ ಹುಡುಗರಿಂದ ಊರಿನ ಮಾನ ಉಳಿಸಿಕೊಳ್ಳುವ ಹಳೆಯ ಭಾವನೆಗೆ ಕಲ್ಕತ್ತೆಯ ಮೈದಾನದಲ್ಲಿ ಮೊದಲಿನ ಬೆಲೆ ಉಳಿಯಲಿಲ್ಲ. ಪ್ರತಿಭೆ ಎಲ್ಲಿದ್ದರೂ ಹುಡುಕಿ ತರಬೇಕು, ತಂದುದನ್ನು ಒಂದಾಗಿ ಹೊಸೆಯಬೇಕು. ಅಲ್ಲಿಂದಾಚೆಗೆ ಯಾವ ದೊಡ್ಡ ಕ್ಲಬ್ಬೂ ಬೇರೆ ರೀತಿ ಯೋಚಿಸಲಾಗಲಿಲ್ಲ.

ಹೀಗೆ ಬರಿಗಾಲಿನ ವಿದ್ಯೆ ತನ್ನ ಪರಾಕಾಷ್ಠೆಯನ್ನು ಮುಟ್ಟಿದ ಗಳಿಗೆಯಲ್ಲಿಯೇ ಅದರ ಆಯುಸ್ಸು ಮುಗಿಯಿತು. 1952ರ ಜುಲೈನಲ್ಲಿ ಹೆಲ್ಸಿಂಕಿಯ ಒಲಿಂಪಿಕ್ಸಿನಲ್ಲಿ ಯುಗೋಸ್ಲಾವಿಯಾ ಭಾರತವನ್ನು ಹತ್ತಕ್ಕೆ ಒಂದರಿಂದ ಸೋಲಿಸಿತು. ಉತ್ತರದೇಶದ ಚಳಿ, ಒದ್ದೆ ನೆಲ, ಅದೇ ಕೂಟದಲ್ಲಿ ಬೆಳ್ಳಿಯ ಪದಕ ಪಡೆದ ಎದುರಾಳಿ, ಇವೆಲ್ಲ ಕಾರಣಗಳೇ. ಆ ಒಂದು ಗೋಲು ಆಟದ ಕಟ್ಟಕಡೆಯ ನಿಮಿಷಗಳಲ್ಲಿ ಬಂದುದು. ಹೊಡೆದವನು ಅಹಮದ್ ಖಾನ್. ಒಂಬತ್ತೋ ಹತ್ತೋ ಗೋಲುಗಳಿಂದ ಹಿಂದೆ ಬಿದ್ದಿರುವಾಗ, ಯಾವ ಫಲವೂ ಇಲ್ಲವೆಂದು ಗೊತ್ತಿರುವಾಗ ಹೊಡೆದ ಆ ಗೋಲನ್ನು ನಾನು ಅವನ ಷೀಲ್ಡುಗಳೆಲ್ಲವುಗಳಿಗಿಂತ ಮೇಲಾಗಿ ಎಣಿಸುತ್ತೇನೆ. ಕೆಲವರಿಗೆ ಇದು ಭಾವುಕತೆಯಾಗಿ ಕಂಡೀತು, ಕಾಣಲಿ.

ಆ ಸೋಲಿನ ತರುವಾಯ ಬೂಟು ಕಡ್ಡಾಯವಾಯಿತು. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಎಂಬ ಶಿಕ್ಷಕರು ಭಾರತ ತಂಡವನ್ನು ಹೊಸತಾಗಿ ಕಟ್ಟಿ 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸಿನ ನಾಲ್ಕನೆಯ ಸ್ಥಾನಕ್ಕೂ 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದ ಸುವರ್ಣಪದಕಕ್ಕೂ ಕರೆದೊಯ್ದರು. ಹತ್ತು ಗೋಲು ತಿಂದ ತಂಡ ನಾಲ್ಕೇ ವರ್ಷದಲ್ಲಿ ಒಲಿಂಪಿಕ್ಸಿನಲ್ಲಿ ನಾಲ್ಕನೆಯದಾಯಿತೆಂದರೆ, ಕೊರತೆಯಿದ್ದುದು ಕಾಲಿನಲ್ಲಾಗಲಿ ಎದೆಯಲ್ಲಾಗಲಿ ಅಲ್ಲವೆಂದು ತಿಳಿಯುತ್ತದೆ. 1911ರ ಗೆಲವನ್ನು ನಾವು ಅಷ್ಟು ಪ್ರೀತಿಸದೆ ಇದ್ದಿದ್ದರೆ ಈ ಬದಲಾವಣೆ ಹದಿನೈದು ವರ್ಷ ಮೊದಲೇ ಆಗಬಹುದಿತ್ತು.

ಅದೇ ಹೆಲ್ಸಿಂಕಿಯಲ್ಲಿ ಭಾರತದ ಪರವಾಗಿ ಈಜುಕೊಳಕ್ಕಿಳಿದ ಕಲ್ಕತ್ತೆಯ ಹುಡುಗಿಯೊಬ್ಬಳಿದ್ದಳು, ವಯಸ್ಸು ಹನ್ನೊಂದು. ಗಂಗೆಯ ಘಾಟಿನಲ್ಲಿ ಈಜು ಕಲಿತ ಆ ಆರತಿ ಸಾಹಾ, ಏಳು ವರ್ಷಗಳ ಬಳಿಕ, ಆಗಸ್ಟಿನ ಮೊದಲ ಯತ್ನ ವಿಫಲವಾದರೂ ಹಿಂದಿರುಗದೆ, 1959ರ ಸೆಪ್ಟೆಂಬರ್ 29ರಂದು ಇಂಗ್ಲಿಷ್ ಕಾಲುವೆಯನ್ನು ದಾಟಿದಳು. ಏಷ್ಯದ ಹೆಂಗಸರಲ್ಲಿ ಅದನ್ನು ದಾಟಿದವಳು ಅವಳೇ ಮೊದಲಿಗಳು. ಅದರ ಹಿಂದಿನ ವರ್ಷ ಮಿಹಿರ್ ಸೇನರು ದಾಟಿದ್ದರು. ಆರತಿಯ ವಿಷಯಕ್ಕೇ ಒಂದು ದತ್ತಿ ಉಪನ್ಯಾಸ ಬೇಕು. ಅದನ್ನು ಮಾಡಲು ನನಗಿಂತ ಯೋಗ್ಯರಾದ ಮಹಿಳೆಯರು ಈ ಸಭೆಯಲ್ಲಿಯೇ ಕುಳಿತಿದ್ದಾರೆ.

ಇನ್ನು ಲೆಕ್ಕದ ಕೋಣೆಗೆ ಹೋಗೋಣ. ಪ್ರಶಾಂತಚಂದ್ರ ಮಹಲನೋಬಿಸರು ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದು, ಪ್ರೆಸಿಡೆನ್ಸಿ ಕಾಲೇಜಿನಲ್ಲಿ ತಮ್ಮ ಕೋಣೆಯ ಒಂದು ಭಾಗವನ್ನೇ ಪ್ರಯೋಗಶಾಲೆಯೆಂದು ಕರೆದು, 1931ರ ಡಿಸೆಂಬರಿನಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದವರು. ರವೀಂದ್ರರ ಆಪ್ತರು, ವಿಶ್ವಭಾರತಿಯ ಕಾರ್ಯದರ್ಶಿಯಾಗಿದ್ದವರು ಬೇರೆ. ನಾನು ಬಿಟ್ಟುಬಂದೆನೆಂದು ಹೇಳಿದ ರಾಜಮಾರ್ಗ ಈ ಕೋಣೆಯ ಕಿಟಕಿಯ ಕೆಳಗೇ ಹಾದುಹೋಗುತ್ತದೆ. ಸೆಣಬಿನ ಬೆಳೆ ಈ ವರ್ಷ ವಂಗದೇಶದಲ್ಲಿ ಎಷ್ಟಾದೀತು ಎಂದು ತಿಳಿಯುವುದಕ್ಕೆ ಪ್ರತಿಯೊಂದು ಗದ್ದೆಯನ್ನೂ ಅಳೆಯುತ್ತ ಹೋಗದೆ, ಇಷ್ಟಬಂದಂತೆ ಆರಿಸದೆ, ಅದೃಷ್ಟಪರೀಕ್ಷೆಯ ಕ್ರಮದಿಂದ ಆರಿಸಿದ ಕೆಲವು ತುಂಡುಗಳನ್ನು ಮಾತ್ರ ಅಳೆದು ಕೊಯ್ದು, ಅದರಿಂದ ಇಡೀ ಪ್ರಾಂತದ ಬೆಳೆಯನ್ನು ಊಹಿಸುವುದು, ಮತ್ತು ಆ ಊಹೆಯಲ್ಲಿ ತಪ್ಪು ಎಷ್ಟಿರಬಹುದೆಂಬುದನ್ನೂ ಮುಂಚಿತವಾಗಿ ಹೇಳುವುದು, ಇದು 1937ರಿಂದ ಅವರು ನಡೆಸಿದ ಸಮೀಕ್ಷೆಯ ಸಾರ. 1943ರ ಘೋರ ಕ್ಷಾಮದ ಬಳಿಕ ಬದುಕುಳಿದವರ ಗತಿಯೇನಾಯಿತೆಂಬುದನ್ನು ಅಳೆದದ್ದೂ ಇದೇ ವಿಧಾನದಿಂದ.

ಈ ಕೋಣೆಗೆ ರಾಧಾಕೃಷ್ಣ ರಾಯರು ಬಂದುದು ಉದ್ದೇಶಪೂರ್ವಕವಾಗಿ ಅಲ್ಲ. ಆಂಧ್ರ ವಿಶ್ವವಿದ್ಯಾಲಯದಲ್ಲಿ ಗಣಿತದ ಎಂ.ಎ. ಮುಗಿಸಿ, ಯುದ್ಧಕಾಲದ ಯಾವುದೋ ಸೈನಿಕ ಕೆಲಸದ ಸಂದರ್ಶನಕ್ಕೆಂದು ಕಲ್ಕತ್ತೆಗೆ ಬಂದರು. ವಯಸ್ಸು ಸಾಲದೆಂದು ಕೆಲಸ ದೊರೆಯಲಿಲ್ಲ. ಇಳಿದುಕೊಂಡಿದ್ದ ಹೋಟೆಲಿನಲ್ಲಿ ಪರಿಚಯವಾದ ಒಬ್ಬರು ತಾವು ಸಂಖ್ಯಾಶಾಸ್ತ್ರದ ತರಬೇತಿಗಾಗಿ ಬಂದಿರುವುದಾಗಿ ಹೇಳಿ, ಪ್ರೆಸಿಡೆನ್ಸಿ ಕಾಲೇಜಿಗೆ ಕರೆದೊಯ್ದು ತೋರಿಸಿದರು. 1941ರ ಜನವರಿ 1ರಂದು ರಾಯರು ಅಲ್ಲಿಗೆ ಸೇರಿದರು. 1943ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರದ ಎಂ.ಎ. ಪದವಿಯನ್ನು ಮೊದಲ ತಂಡದಲ್ಲಿಯೇ ಪಡೆದು, ಒಡನೆಯೆ ಅದೇ ತರಗತಿಗೆ ಪಾಠ ಹೇಳತೊಡಗಿದರು. ಹೊರಗೆ ಬೀದಿಗಳಲ್ಲಿ ಅನ್ನವಿಲ್ಲದೆ ಜನ ಸಾಯುತ್ತಿದ್ದ ಕಾಲ.

ಅಂಥ ಒಂದು ಪಾಠದಲ್ಲಿ ನಡೆದುದನ್ನು ರಾಯರೇ ಮುಂದೆ ಹಲವು ಸಲ ಹೇಳಿಕೊಂಡಿದ್ದಾರೆ. ಇಂಗ್ಲೆಂಡಿನ ಫಿಷರರು ತೋರಿಸಿದ್ದ ಒಂದು ಪ್ರಮೇಯವನ್ನು ಅವರು ವಿವರಿಸುತ್ತಿದ್ದರು: ಅಳತೆಗಳ ಸಂಖ್ಯೆ ಅಪಾರವಾಗುತ್ತ ಹೋದರೆ ನಮ್ಮ ಊಹೆಯ ತಪ್ಪು ಎಲ್ಲಿಯವರೆಗೆ ಇಳಿಯಬಲ್ಲುದು ಎಂಬುದು ಅದರ ವಿಷಯ. ತರಗತಿಯಲ್ಲಿದ್ದ ದಾಂಡೇಕರ್ ಎಂಬ ವಿದ್ಯಾರ್ಥಿ ಎದ್ದು ಕೇಳಿದನು: ಅಪಾರವೆಂಬುದು ನಮ್ಮ ಕೈಗೆ ಎಂದೂ ಬರುವುದಿಲ್ಲವಷ್ಟೆ, ಕೈಯಲ್ಲಿರುವುದು ಎಣಿಸಿದಷ್ಟೇ ಅಳತೆಗಳಾದರೆ ಇಂಥದೊಂದು ಮಿತಿಯನ್ನು ಹೇಳಲಾಗದೆ? ಮೇಷ್ಟರಿಗೆ ಉತ್ತರ ಗೊತ್ತಿರಲಿಲ್ಲ. ಮನೆಗೆ ಹೋಗಿ ರಾತ್ರಿಯ ಬಹುಭಾಗ ಕುಳಿತು, ಮಿತಿಯನ್ನು ಸಾಧಿಸಿ, ಮರುದಿನ ತರಗತಿಗೆ ಬಂದು ಬರೆದು ತೋರಿಸಿದರು. ಆಗ ಅವರಿಗೆ ಇಪ್ಪತ್ತನಾಲ್ಕರ ಆಸುಪಾಸು. ಪ್ರಶ್ನೆ ಕೇಳಿದ ದಾಂಡೇಕರ್ ಮುಂದೆ ಪುಣೆಯಲ್ಲಿ ನಮ್ಮ ದೇಶದ ಬಡತನವನ್ನು ಅಳೆದ ಅರ್ಥಶಾಸ್ತ್ರಜ್ಞರಾಗಿ ಹೆಸರಾದರು. ಇಂಥ ಪ್ರಸಂಗಗಳಲ್ಲಿ ನಾವು ಉತ್ತರಿಸಿದವನನ್ನು ಮಾತ್ರ ಅಗ್ರಗಾಮಿಯೆಂದು ಹೊಗಳಿ, ಕೇಳಿದವನನ್ನು ಕಥೆಯ ಅಲಂಕಾರವನ್ನಾಗಿ ಮಾಡಿಬಿಡುತ್ತೇವೆ, ಅದು ನ್ಯಾಯವಲ್ಲ. ನಮ್ಮ ಎಷ್ಟು ತರಗತಿಗಳಲ್ಲಿ ಆ ಪ್ರಶ್ನೆಯನ್ನು ಕೇಳಲು ಬಿಟ್ಟಾರು?

ಆ ಮಿತಿ ಏನೆಂಬುದನ್ನು ಗಣಿತದ ಚಿಹ್ನೆಗಳಿಲ್ಲದೆ ಹೇಳಲು ಯತ್ನಿಸುತ್ತೇನೆ. ನಿಂಬೆಹಣ್ಣಿನಲ್ಲಿ ಇರುವಷ್ಟೇ ರಸ; ಹಿಂಡುವ ಕೈ ಎಷ್ಟು ಗಟ್ಟಿಯಾದರೂ ಅದಕ್ಕಿಂತ ಒಂದು ಹನಿ ಹೆಚ್ಚು ಬರುವುದಿಲ್ಲ. ಹಾಗೆಯೆ ಒಂದು ಅಳತೆಯ ಸಮೂಹದಲ್ಲಿ, ನಾವು ತಿಳಿಯಬೇಕೆಂದಿರುವ ಸಂಗತಿಯನ್ನು ಕುರಿತ ಮಾಹಿತಿ ಇಂತಿಷ್ಟೆಂದು ಗೊತ್ತು. ಪಕ್ಷಪಾತವಿಲ್ಲದ ಯಾವ ಊಹೆಯ ಚಂಚಲತೆಯೂ ಆ ಮಾಹಿತಿಯ ವಿಲೋಮಕ್ಕಿಂತ ಕಡಿಮೆಯಾಗಲಾರದು. ಇದು 1945ರಲ್ಲಿ ಕಲ್ಕತ್ತಾ ಗಣಿತ ಸಂಘದ ಪತ್ರಿಕೆಯಲ್ಲಿ ಕೆಲವೇ ಪುಟಗಳ ಒಂದು ಲೇಖನವಾಗಿ ಅಚ್ಚಾಯಿತು. ಮರುವರ್ಷ ಸ್ವೀಡನ್ನಿನ ಕ್ರಾಮೆರ್ ಸ್ವತಂತ್ರವಾಗಿ ಅದನ್ನೇ ಪ್ರಕಟಿಸಿದ್ದರಿಂದ ಇಬ್ಬರ ಹೆಸರೂ ಕೂಡಿ ಕ್ರಾಮೆರ್–ರಾವ್ ಮಿತಿ ಎಂದಾಯಿತು. ಫ್ರಾನ್ಸಿನ ಫ್ರೆಷೆ ಎಂಬುವರು 1943ರಲ್ಲಿಯೇ ಇದರ ಸಮೀಪಕ್ಕೆ ಬಂದಿದ್ದರೆಂದು ಫ್ರೆಂಚರು ನೆನಪಿಸುತ್ತಾರೆ, ನೆನಪಿಸಲಿ. ಯುದ್ಧದಿಂದ ಒಬ್ಬರ ಪತ್ರಿಕೆ ಒಬ್ಬರಿಗೆ ತಲುಪದೆ ಇದ್ದ ಕಾಲದಲ್ಲಿ ಮೂರು ದೇಶಗಳಲ್ಲಿ ಮೂವರು ಒಂದೇ ಬಾಗಿಲನ್ನು ತಟ್ಟಿದರೆಂದರೆ, ಆ ಬಾಗಿಲು ತೆರೆಯುವ ಕಾಲ ಪಕ್ವವಾಗಿತ್ತೆಂದೇ ಅರ್ಥ.

ಮೈದಾನದಲ್ಲಿ ಅಗ್ರಗಾಮಿಯು ಒಂದು ಮಿತಿಯನ್ನು ಮುರಿಯುತ್ತಾನೆ; ರಾಯರು ಯಾರಿಂದಲೂ ಮುರಿಯಲಾಗದ ಮಿತಿಯೊಂದನ್ನು ಕಂಡರು. ಮೇಲುನೋಟಕ್ಕೆ ಇದು ನಿರಾಶೆಯ ಮಾತು. ಆದರೆ ಯಂತ್ರಜ್ಞರು ಇದರಿಂದ ಪಡೆದ ಉಪಕಾರವನ್ನು ನೋಡಿ. ರೇಡಾರಿನಿಂದ ವಿಮಾನದ ದೂರವನ್ನು ಅಳೆಯುವ ಯಂತ್ರವಾಗಲಿ, ಉಪಗ್ರಹಗಳ ಸಂಕೇತದಿಂದ ತಾವಿರುವ ಬೀದಿಯನ್ನು ತಮ್ಮ ಕೈಯ ಫೋನು ಗುರುತಿಸುವ ಉಪಾಯವಾಗಲಿ, ಅದನ್ನು ಕಟ್ಟುವವನು ಮೊದಲು ಈ ಮಿತಿಯನ್ನು ಲೆಕ್ಕಹಾಕಿಕೊಳ್ಳುತ್ತಾನೆ. ತನ್ನ ಯಂತ್ರದ ತಪ್ಪು ಮಿತಿಯಿಂದ ದೂರವಿದ್ದರೆ ಇನ್ನೂ ದುಡಿಯಬೇಕು. ಮಿತಿಯನ್ನು ಮುಟ್ಟಿದ್ದರೆ ದುಡಿಮೆ ಸಾಕು, ಬೇಕಾದುದು ಇನ್ನಷ್ಟು ಅಥವಾ ಇನ್ನೂ ಒಳ್ಳೆಯ ಅಳತೆಗಳು. ಎಲ್ಲಿ ನಿಲ್ಲಬೇಕೆಂಬುದನ್ನು ಅರಿಯದೆ ಆಯುಷ್ಯಗಳು ವ್ಯರ್ಥವಾಗುವುದನ್ನು ಕೆಲವೇ ಪುಟಗಳ ಒಂದು ಲೇಖನ ತಪ್ಪಿಸಿತು. ಬರಿಗಾಲಿಗೂ ಇಂಥ ಒಂದು ಮಿತಿಯುಂಟೆಂದು, ಅದನ್ನು ಅಹಮದ್ ಖಾನ್ ಮುಟ್ಟಿಯಾಯಿತೆಂದು, ಯಾರಾದರೂ 1948ರಲ್ಲಿ ಲೆಕ್ಕಹಾಕಿ ತೋರಿಸಿದ್ದರೆ! ಆಟದಲ್ಲಿ ಸಾಧನೆ ಆಚಾರವಾಗುತ್ತದೆ, ಆಚಾರವನ್ನು ಸೋಲೊಂದೇ ಒಡೆಯಬಲ್ಲುದು. ವಿಜ್ಞಾನದಲ್ಲಿ ಸಾಧನೆ ಪ್ರಮೇಯವಾಗುತ್ತದೆ, ಪ್ರಮೇಯವನ್ನು ಯಾರೂ ಪೂಜಿಸಬೇಕಾಗಿಲ್ಲ.

ಈ ಲೆಕ್ಕದ ಕೋಣೆಯಲ್ಲಿ ಅಂದು ಲೆಕ್ಕ ಮಾಡುತ್ತಿದ್ದುದು ಕೈಯಿಂದ ತಿರುಗಿಸುವ ಯಂತ್ರಗಳ ಮುಂದೆ ಸಾಲಾಗಿ ಕುಳಿತ ಮನುಷ್ಯರು. ಸಮೀಕ್ಷೆಗಳು ಬೆಳೆದಂತೆ ಅಂಕಿಗಳ ರಾಶಿ ಅವರ ಕೈಮೀರಿತು. 1953ರಲ್ಲಿ ಸಂಸ್ಥೆಯ ಸಮರೇಂದ್ರ ಕುಮಾರ ಮಿತ್ರರು ಒಂದು ಗಣಕವನ್ನು ಇಲ್ಲಿಯೇ ತಯಾರಿಸಿದರು; 1956ರಲ್ಲಿ ಬ್ರಿಟನ್ನಿನಿಂದ ತರಿಸಿದ ವಿದ್ಯುನ್ಮಾನ ಗಣಕಯಂತ್ರವೊಂದು ಬಾರಾನಗರದಲ್ಲಿ ಕೆಲಸಕ್ಕೆ ತೊಡಗಿತು; ಭಾರತದಲ್ಲಿ ನೆಲೆಗೊಂಡ ಮೊದಲ ಡಿಜಿಟಲ್ ಗಣಕ ಅದೇ. ಕೆಲವೇ ವರ್ಷಗಳಲ್ಲಿ ರಷ್ಯದಿಂದ ಉರಾಲ್ ಬಂದಿತು. 1966ರಲ್ಲಿ ಜಾದವಪುರ ವಿಶ್ವವಿದ್ಯಾಲಯದೊಡನೆ ಕೂಡಿ ಸಂಸ್ಥೆ ತನ್ನದೇ ಗಣಕವೊಂದನ್ನು ಕಟ್ಟಿತು. ಬೆಂಗಳೂರಿನವರು ಗಣಕದ ವಿಷಯದಲ್ಲಿ ಈಗ ಆಡುವ ದೊಡ್ಡ ಮಾತುಗಳನ್ನು ಕೇಳುವಾಗ, ಆ ವಿದ್ಯೆಗೆ ಈ ದೇಶದಲ್ಲಿ ತೊಟ್ಟಿಲು ಕಟ್ಟಿದವರು ಸೆಣಬಿನ ಗದ್ದೆ ಅಳೆಯುತ್ತಿದ್ದ ವಂಗೀಯರೆಂಬುದು ನನಗೆ ನೆನಪಾಗುತ್ತದೆ. ತೊಟ್ಟಿಲಿದ್ದ ಮನೆಯಲ್ಲಿ ಮಗು ಏಕೆ ಬೆಳೆಯಲಿಲ್ಲವೆಂಬುದು ಬೇರೆ ಪ್ರಶ್ನೆ, ಅದನ್ನು ಅತಿಥಿಯಾದವನು ಆತಿಥೇಯರ ಮುಂದೆ ಎತ್ತಬಾರದು.

ಅಹಮದ್ ಖಾನ್ ಈಸ್ಟ್ ಬೆಂಗಾಲಿನಲ್ಲಿ ಹತ್ತು ವರ್ಷದಷ್ಟು ಆಡಿ, ಬಾಳಿನ ಕಡೆಗಾಲದಲ್ಲಿ ಬೆಂಗಳೂರಿನಲ್ಲಿದ್ದು, ಅಲ್ಲಿಯೇ 2017ರ ಆಗಸ್ಟಿನಲ್ಲಿ ತೊಂಬತ್ತು ವರ್ಷದ ಮುದುಕನಾಗಿ ತೀರಿಕೊಂಡನು. ರಾಯರು ಸಂಸ್ಥೆಯಲ್ಲಿ ನಾಲ್ಕು ದಶಕಗಳ ಸಮೀಪ ದುಡಿದು, ನಿವೃತ್ತಿಯ ವಯಸ್ಸಿನಲ್ಲಿ ಅಮೆರಿಕೆಗೆ ಹೋಗಿ ಎರಡನೆಯ ಆಯುಷ್ಯವೊಂದನ್ನು ನಡೆಸಿದರು. ಸಂಖ್ಯಾಶಾಸ್ತ್ರದ ಅಂತಾರಾಷ್ಟ್ರೀಯ ಪುರಸ್ಕಾರ ಅವರಿಗೆ ಸಂದದ್ದು 2023ರಲ್ಲಿ, ನೂರೆರಡನೆಯ ವಯಸ್ಸಿನಲ್ಲಿ, ಎಪ್ಪತ್ತೆಂಟು ವರ್ಷದ ಹಿಂದಿನ ಆ ಲೇಖನವನ್ನು ಮುಖ್ಯವಾಗಿ ಎತ್ತಿ ಹೇಳಿ. ಅದೇ ವರ್ಷದ ಆಗಸ್ಟಿನಲ್ಲಿ ಅವರು ತೀರಿಕೊಂಡರು.

ಆ ಲೇಖನದಲ್ಲಿದ್ದುದು ಮಿತಿಯೊಂದೇ ಅಲ್ಲ. ಒರಟಾದ ಊಹೆಯೊಂದನ್ನು ಹಿಡಿದು ಅದನ್ನು ಕ್ರಮವಾಗಿ ಉತ್ತಮಪಡಿಸುವ ಉಪಾಯವೂ ಅಲ್ಲಿತ್ತು. ಅಮೆರಿಕೆಯ ಬ್ಲ್ಯಾಕ್‌ವೆಲ್ಲರು ಎರಡು ವರ್ಷದ ಮೇಲೆ ಅದನ್ನು ತಾವಾಗಿ ಕಂಡದ್ದರಿಂದ ಅದು ರಾವ್–ಬ್ಲ್ಯಾಕ್‌ವೆಲ್ ಎಂದು ಹೆಸರಾಗಿ ಪಠ್ಯಪುಸ್ತಕಗಳನ್ನು ಸೇರಿತು. ಮೂರನೆಯದೊಂದು ಇತ್ತು: ಸಂಭವನೀಯತೆಯ ನಿಯಮಗಳ ಒಂದು ಕುಟುಂಬವನ್ನೇ ಬಾಗಿದ ಮೇಲ್ಮೈಯಂತೆ ಭಾವಿಸಿ, ಎರಡು ನಿಯಮಗಳ ನಡುವಣ ದೂರವನ್ನು ಫಿಷರರ ಮಾಹಿತಿಯಿಂದಲೇ ಅಳೆಯುವ ರೇಖಾಗಣಿತ. ಮೊದಲೆರಡನ್ನು ಜಗತ್ತು ಬೇಗನೆ ಹಂಚಿಕೊಂಡಿತು. ಮೂರನೆಯದು ದಶಕಗಟ್ಟಲೆ ಹೆಚ್ಚಿನವರ ಕಣ್ಣಿಗೆ ಬೀಳದೆ ಅದೇ ಪತ್ರಿಕೆಯ ಹಳೆಯ ಸಂಪುಟದಲ್ಲಿ ಇದ್ದಿತು. 1980ರ ದಶಕದಲ್ಲಿ ಜಪಾನಿನ ಅಮಾರಿಯವರು ಮುಂತಾದವರು ಆ ಬೀಜದಿಂದ ಒಂದು ಶಾಸ್ತ್ರವನ್ನೇ ಬೆಳೆಸಿದರು. ಯಂತ್ರಗಳಿಗೆ ಕಲಿಸಹೊರಟಿರುವ ಇಂದಿನ ತರುಣರು ಅದನ್ನು ಬಳಸುತ್ತಿದ್ದಾರೆ, ಅವರಲ್ಲಿ ಹಲವರು ಬೆಂಗಳೂರಿನಲ್ಲಿಯೂ ಇದ್ದಾರೆ. ಅದು ಅಚ್ಚಾದುದು ಕಲ್ಕತ್ತೆಯಲ್ಲಿ, ಬರೆದವರು ಹುಟ್ಟಿದುದು ಹಡಗಲಿಯಲ್ಲಿ ಎಂಬುದನ್ನು ಅವರಿಗೆ ಯಾರಾದರೂ ತಿಳಿಸಬೇಕು.